ಕುರ್ಚಿಯಿಂದ ತಾವೇ ಏಳಬೇಕು: ಡಿಮೆನ್ಷಿಯಾ ಇರುವ ಹಿರಿಯರ ಮೈಬಲ ಉಳಿಸಿಕೊಳ್ಳುವುದು ಹೇಗೆ

ನಮ್ಮ ಅತ್ತೆಗೆ ಈಗ 79. ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ ಅಂತ ಗೊತ್ತಾಗಿ 5 ವರ್ಷ ಆಯಿತು. ಮೊದಲ ಎರಡು ವರ್ಷ ನಾವೆಲ್ಲ ಅವರ ತಲೆಯನ್ನೇ ನೋಡುತ್ತಾ ಕೂತೆವು. ಇವತ್ತು ಯಾವ ವಾರ, ಮೊಮ್ಮಗನ ಹೆಸರೇನು ಅಂತ ದಿನಾ ಪರೀಕ್ಷೆ. ಬಾದಾಮಿ ನೆನೆಹಾಕಿದ್ದೇ ಹಾಕಿದ್ದು, ಬ್ರಾಹ್ಮಿ ಎಣ್ಣೆ ತಂದಿದ್ದೇ ತಂದಿದ್ದು. ಮೈ ಕರಗುತ್ತಿರುವುದು ಮಾತ್ರ ಯಾರ ಕಣ್ಣಿಗೂ ಬೀಳಲಿಲ್ಲ.

ಕೊನೆಗೆ ಅದನ್ನು ಹೇಳಿದ್ದು ಬಳೆ. ಅವರ ಕೈಯಲ್ಲಿ ಎರಡು ಚಿನ್ನದ ಬಳೆ ಇದ್ದವು, ನಾನು ಈ ಮನೆಗೆ ಬಂದ ಕಾಲದಲ್ಲಿ ಸೋಪು ಹಚ್ಚಿ ತಿರುಗಿಸಿದರೂ ಹೊರಗೆ ಬರುತ್ತಿರಲಿಲ್ಲ. ಒಂದು ಬೆಳಿಗ್ಗೆ ತಲೆ ಬಾಚಿಕೊಳ್ಳಲು ಕೈ ಎತ್ತಿದರು ನೋಡಿ, ಎರಡೂ ಸರ್ರನೆ ಮೊಣಕೈವರೆಗೆ ಜಾರಿದವು. ವಯಸ್ಸಾಯಿತಲ್ಲ, ಇಳಿದಿದ್ದಾರೆ ಅಂದುಕೊಂಡು ಬಳೆ ಬಿಚ್ಚಿ ಬೀರುವಿನಲ್ಲಿಟ್ಟೆ. ಅಷ್ಟೇ. ಅವತ್ತು ತೂಕ ನೋಡಿದ್ದರೆ ಒಂದು ವರ್ಷ ಉಳಿಯುತ್ತಿತ್ತು.

ಆಮೇಲೆ ಕಲಿತಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ, ಫಿಸಿಯೋನೂ ಅಲ್ಲ. ಮನೆಯಲ್ಲಿ ನೋಡಿಕೊಳ್ಳುವವಳು. ನಿಮ್ಮ ಮನೆಯವರಿಗೆ ಕಿಡ್ನಿ ಅಥವಾ ಹಾರ್ಟ್ ತೊಂದರೆ ಇದ್ದರೆ, ಈಚೆಗೆ ಮೂಳೆ ಮುರಿದಿದ್ದರೆ, ಡಾಕ್ಟರನ್ನು ಕೇಳಿಯೇ ಶುರು ಮಾಡಿ.

ಮೈ ಯಾಕೆ ಕರಗುತ್ತದೆ

ವಯಸ್ಸಾದಂತೆ ಮಾಂಸಖಂಡ ಸವೆಯುವುದಕ್ಕೆ ಡಾಕ್ಟರುಗಳು ಸಾರ್ಕೊಪೀನಿಯಾ ಅನ್ನುತ್ತಾರೆ. 1989ರಲ್ಲಿ ಅಮೆರಿಕದ ಇರ್ವಿನ್ ರೋಸನ್‌ಬರ್ಗ್ ಇಟ್ಟ ಹೆಸರು, ಗ್ರೀಕ್ ಭಾಷೆಯಲ್ಲಿ ಮಾಂಸದ ಕೊರತೆ ಅಂತ ಅರ್ಥ. ವಯಸ್ಸಾದ ಎಲ್ಲರಿಗೂ ಸ್ವಲ್ಪ ಸ್ವಲ್ಪ ಆಗುವಂಥದ್ದೇ. ಡಿಮೆನ್ಷಿಯಾ ಇದ್ದವರಲ್ಲಿ ಜಾಸ್ತಿ ಕಾಣುತ್ತದೆ. ಅವರು ಊಟ ಮಾಡಿದ್ದನ್ನೂ ಮರೆಯುತ್ತಾರೆ, ಮಾಡದೇ ಇದ್ದದ್ದನ್ನೂ ಮರೆಯುತ್ತಾರೆ. ಮೂಗಿಗೆ ವಾಸನೆ ಸರಿಯಾಗಿ ಹತ್ತದೆ ಒಗ್ಗರಣೆ ಘಮಕ್ಕೆ ಹಸಿವು ಕೆರಳುವುದಿಲ್ಲ. ಮರೆವಿಗೆ ಕೊಡುವ ಡೊನೆಪೆಜಿಲ್, ರಿವಾಸ್ಟಿಗ್ಮಿನ್‌ನಂಥ ಔಷಧಿಗಳೇ ಕೆಲವರಿಗೆ ಹೊಟ್ಟೆ ತೊಳಸಿ ಊಟ ಬಿಡಿಸುತ್ತವೆ. ಕೆಲವರು ಬೆಳಗಿನಿಂದ ರಾತ್ರಿವರೆಗೆ ಮನೆ ತುಂಬ ತಿರುಗಿ ತಿಂದದ್ದನ್ನೆಲ್ಲ ಖರ್ಚು ಮಾಡಿಬಿಡುತ್ತಾರೆ. ಇನ್ನು ಕೆಲವರು ಕೂತಲ್ಲೇ ಕೂರುತ್ತಾರೆ. ಹಾಗೆ ಕೂರಿಸುವುದು ಬಹಳ ಸಲ ನಾವೇ.

ನಮ್ಮ ಮನೆಯಲ್ಲಿ ಆಗಿದ್ದು ಅದೇ. ಅತ್ತೆ ಒಂದು ದಿನ ಗ್ಯಾಸ್ ಆರಿಸದೆ ಹೊರಗೆ ಬಂದುಬಿಟ್ಟರು. ಅವತ್ತಿನಿಂದ ಅವರಿಗೆ ಅಡುಗೆಮನೆ ಬಂದ್. ಆಮೇಲೆ ಬಾವಿಕಟ್ಟೆ ಬಂದ್, ಮೆಟ್ಟಿಲು ಬಂದ್, ಅಂಗಡಿ ಬಂದ್. "ನೀವು ಕೂತ್ಕೊಳ್ಳಿ ಅಮ್ಮ" ಅನ್ನುವುದು ನಮಗೆಲ್ಲ ಬಾಯಿಪಾಠ ಆಯಿತು. ನೀರು ಕೈಗೆ, ತಟ್ಟೆ ಕೈಗೆ, ರಿಮೋಟು ಕೈಗೆ. ಪ್ರೀತಿಯಿಂದಲೇ ಮಾಡಿದ್ದು. ಆರು ತಿಂಗಳಲ್ಲಿ ಅವರು ಸೋಫಾದಿಂದ ಏಳಲು ನನ್ನ ಕೈಗಾಗಿ ಕಾಯುವಂತಾದರು.

ಇಲ್ಲೊಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. ವ್ಯಾಯಾಮ ಮಾಡಿಸಿದರೆ ನೆನಪು ವಾಪಸ್ ಬರುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಇಂಗ್ಲೆಂಡಿನಲ್ಲಿ ಡಿಮೆನ್ಷಿಯಾ ಇರುವ 494 ಜನರನ್ನು ಸೇರಿಸಿಕೊಂಡು ನಡೆಸಿದ ದೊಡ್ಡ ಪರೀಕ್ಷೆಯ ಫಲಿತಾಂಶ 2018ರಲ್ಲಿ ಬಂತು. ವ್ಯಾಯಾಮ ಮಾಡಿದವರ ದೇಹ ಗಟ್ಟಿಯಾಯಿತು, ಮರೆವು ಮಾತ್ರ ನಿಧಾನವಾಗಲಿಲ್ಲ. ಮತ್ತೆ ಯಾಕೆ ಇಷ್ಟೆಲ್ಲ ಒದ್ದಾಟ ಅಂತೀರಾ? ಟಾಯ್ಲೆಟ್ಟಿಗಾಗಿ. ಹೌದು, ಅಷ್ಟೇ. ಹೆಸರು ಮರೆತವರ ಜೊತೆ ನಗುತ್ತಾ ಬದುಕಬಹುದು. ಕಮೋಡಿನಿಂದ ತಾವೇ ಏಳಲಾರದವರ ಜೊತೆ ಬದುಕುವುದು ಬೇರೆಯೇ. ಅವರಿಗೆ ನಾಚಿಕೆ, ನಮಗೆ ಸೊಂಟ ನೋವು, ಇಬ್ಬರಿಗೂ ಸಿಡುಕು. ಎದ್ದು ನಿಲ್ಲುವ ಶಕ್ತಿ ಹೋದ ದಿನ ಮನೆಯ ನೆಮ್ಮದಿಯೂ ಅರ್ಧ ಹೋಗುತ್ತದೆ.

ಒಳ್ಳೆಯ ಸುದ್ದಿ ಏನಂದರೆ ಕಾಲಿನ ಬಲ ಎಷ್ಟು ವಯಸ್ಸಾದರೂ ವಾಪಸ್ ಬರುತ್ತದೆ. ಅಮೆರಿಕದ ಬಾಸ್ಟನ್ನಿನ ಒಂದು ವೃದ್ಧಾಶ್ರಮದಲ್ಲಿ 86ರಿಂದ 96 ವರ್ಷದ 10 ಜನರಿಗೆ 8 ವಾರ ಭಾರ ಎತ್ತಿಸಿ ನೋಡಿದರು, 1990ರಲ್ಲಿ ಪ್ರಕಟವಾದ ಕೆಲಸ ಅದು. ತೊಡೆಯ ಬಲ ಸರಾಸರಿ 174% ಏರಿತ್ತು, ಅಂದರೆ ಎರಡೂವರೆ ಪಟ್ಟಿಗೂ ಜಾಸ್ತಿ. ತೊಂಬತ್ತರವರಿಗೆ ಆಗುತ್ತದೆ ಅಂದಮೇಲೆ ನಮ್ಮತ್ತೆಗೆ ಯಾಕಾಗಬಾರದು ಅಂತ ನಾನು ಹಟ ಹಿಡಿದಿದ್ದು ಅದನ್ನು ಓದಿದ ಮೇಲೆಯೇ.

ಮನೆಯಲ್ಲೇ ನೋಡಿಕೊಳ್ಳುವ ಲೆಕ್ಕ

ಒಂದು ಹಳೇ ನೋಟ್‌ಬುಕ್ ತೆಗೆದಿಡಿ. ತಿಂಗಳಿಗೊಮ್ಮೆ ತೂಕ ಬರೆಯಿರಿ. ಅದೇ ಮೆಷಿನ್, ಬೆಳಿಗ್ಗೆ ಹೊತ್ತು, ಹೆಚ್ಚುಕಡಿಮೆ ಅದೇ ಥರದ ಬಟ್ಟೆ. ಒಂದು ತಿಂಗಳಲ್ಲಿ ತೂಕದ 5% ಇಳಿದಿದ್ದರೆ, ಅಂದರೆ 50 ಕಿಲೋ ಇದ್ದವರು ಎರಡೂವರೆ ಕಿಲೋ ಇಳಿದಿದ್ದರೆ, ಸುಮ್ನೆ ಬಿಡುವ ಮಾತಲ್ಲ, ಡಾಕ್ಟರ ಹತ್ತಿರ ಹೋಗಬೇಕು.

ಎರಡನೆಯದು ಕಾಲಿನ ಮೀನಖಂಡ. ಟೈಲರ್ ಟೇಪು ತಗೊಂಡು ಮೀನಖಂಡದ ದಪ್ಪ ಇರುವ ಜಾಗ ಅಳೆಯಿರಿ. ಏಷ್ಯಾದ ತಜ್ಞರು 2019ರಲ್ಲಿ ಹಾಕಿಕೊಟ್ಟ ಲೆಕ್ಕದಲ್ಲಿ ಗಂಡಸರಿಗೆ 34 ಸೆಂಟಿಮೀಟರಿಗಿಂತ, ಹೆಂಗಸರಿಗೆ 33ಕ್ಕಿಂತ ಕಡಿಮೆ ಇದ್ದರೆ ಅನುಮಾನ ಪಡಬೇಕು. ಟೇಪು ಸಿಗಲಿಲ್ಲವಾ, ಜಪಾನಿನವರ ಉಪಾಯ ಮಾಡಿ. ನಿಮ್ಮ ಹಿರಿಯರದೇ ಎರಡೂ ಕೈಯ ಹೆಬ್ಬೆರಳು, ತೋರುಬೆರಳು ಸೇರಿಸಿ ಬಳೆಯ ಹಾಗೆ ಮಾಡಿ ಮೀನಖಂಡದ ಸುತ್ತ ಹಿಡಿಯುವುದು. ಬೆರಳು ಕೂಡದಿದ್ದರೆ ಒಳ್ಳೆಯದು. ಕೂಡಿ ಒಳಗೆ ಸಂದು ಉಳಿದರೆ ಕಾಲು ಕರಗಿದೆ ಅಂತ. ಕಾಲು ಊದಿಕೊಂಡಿದ್ದರೆ ಈ ಎರಡೂ ಅಳತೆ ಸುಳ್ಳು ಹೇಳುತ್ತವೆ, ನೆನಪಿರಲಿ.

ಮೂರನೆಯದು ನನಗೆ ತುಂಬ ಇಷ್ಟವಾದದ್ದು, ಕುರ್ಚಿ ಪರೀಕ್ಷೆ. ಕೈ ಎದೆಗೆ ಕಟ್ಟಿಕೊಂಡು ಕುರ್ಚಿಯಿಂದ 5 ಸಲ ಎದ್ದು ಕೂರಬೇಕು. 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಬಲ ಕುಗ್ಗಿದೆ ಅಂತ ಲೆಕ್ಕ. ಅತ್ತೆಗೆ ಮೊದಲ ಸಲ ಮಾಡಿಸಿದಾಗ ಎರಡು ಸಲ ಎದ್ದು, ಮೂರನೆಯದಕ್ಕೆ "ಯಾಕೆ ಏಳಬೇಕು, ಯಾರು ಬಂದರು?" ಅಂತ ಕೇಳಿದರು. ಡಿಮೆನ್ಷಿಯಾ ಇದ್ದವರಿಗೆ ಐದರ ಲೆಕ್ಕವೇ ನಿಲ್ಲುವುದಿಲ್ಲ, ಹಾಗಾಗಿ ನೀವು ಎದುರಿಗೆ ಕೂತು ಜೊತೆಗೇ ಎದ್ದು ಕೂತು ಮಾಡಿ. ಆಗಲಿಲ್ಲ ಅಂದರೆ ಎಷ್ಟು ಸಲ ಕೈ ಊರದೆ ಎದ್ದರು ಅಂತಷ್ಟೇ ಬರೆದುಕೊಳ್ಳಿ.

ಬಟ್ಟೆ ಒಣಹಾಕುವುದೇ ಜಿಮ್

"ಬನ್ನಿ ಎಕ್ಸರ್‌ಸೈಜ್ ಮಾಡೋಣ" ಅಂದರೆ ಯಾವ ಅತ್ತೆ ಬರುತ್ತಾರೆ ಹೇಳಿ? ನಮ್ಮವರು "ನನಗೇನು ಆಗಿದೆ?" ಅಂತ ಮುಖ ತಿರುಗಿಸಿದರು. ಮನೆಗೆ ಬಂದ ಫಿಸಿಯೋ ಹುಡುಗಿ ಬಣ್ಣದ ರಬ್ಬರ್ ಪಟ್ಟಿ ಕೊಟ್ಟರೆ ಅದನ್ನು ಮಡಚಿ ದಿಂಬಿನ ಕೆಳಗಿಟ್ಟುಕೊಂಡರು. ಆ ಹುಡುಗಿಯೇ ಹೇಳಿಕೊಟ್ಟ ದಾರಿ, ಅವರು ಐವತ್ತು ವರ್ಷ ಮಾಡಿದ ಕೆಲಸದ ಒಳಗೆ ವ್ಯಾಯಾಮ ಬಚ್ಚಿಡಿ ಅಂತ. ಹೆಸರು, ತಾರೀಕು ಹೋಗುತ್ತದೆ, ಕೈಗೆ ಕಾಲಿಗೆ ಅಂಟಿದ ಕೆಲಸ ಅಷ್ಟು ಬೇಗ ಹೋಗುವುದಿಲ್ಲ.

ಬಟ್ಟೆ ಒಣಹಾಕುವ ತಂತಿಯ ಹತ್ತಿರ ಒಂದು ಗಟ್ಟಿ ಕುರ್ಚಿ ಇಡುತ್ತೇನೆ. ಕೈ ಇರುವ ಮರದ ಕುರ್ಚಿ, ಬೆನ್ನು ಗೋಡೆಗೆ ಒತ್ತಿ ಇರಬೇಕು. ಪ್ಲಾಸ್ಟಿಕ್ ಕುರ್ಚಿ ಬೇಡವೇ ಬೇಡ, ಕೈಯೂರಿ ಏಳುವಾಗ ಹಿಂದಕ್ಕೆ ಜಾರುತ್ತದೆ, ಕಾಲು ಅಗಲವಾಗಿ ಮುರಿಯುತ್ತದೆ. ಅತ್ತೆ ಅದರ ಮೇಲೆ ಕೂರುತ್ತಾರೆ, ಬಕೆಟ್ ನನ್ನ ಹತ್ತಿರ. ಒಂದು ಬಟ್ಟೆ ಅವರ ಕೈಗೆ. ಎದ್ದು ತಂತಿಗೆ ಹಾಕಬೇಕು, ಕ್ಲಿಪ್ಪು ಒತ್ತಬೇಕು, ಕೂರಬೇಕು. ಮತ್ತೊಂದು ಬಟ್ಟೆ. ಹತ್ತು ಬಟ್ಟೆ ಅಂದರೆ ಹತ್ತು ಸಲ ಕೂತು ಎದ್ದ ಹಾಗೆ, ಕೈ ಎತ್ತಿದ್ದು ಹತ್ತು ಸಲ, ಬೆರಳು ಒತ್ತಿದ್ದು ಇಪ್ಪತ್ತು ಸಲ. ನಾನು ಪಕ್ಕದಲ್ಲೇ ನಿಂತಿರುತ್ತೇನೆ, ಒಂದು ಕೈ ಅವರ ಸೊಂಟದ ಹಿಂದೆ, ಮುಟ್ಟಿಯೂ ಮುಟ್ಟದ ಹಾಗೆ.

ಏಳುವುದಕ್ಕೂ ಒಂದು ಕ್ರಮ ಇದೆ. ಕುರ್ಚಿಯ ಅಂಚಿಗೆ ಬರಬೇಕು. ಪಾದ ಮಂಡಿಯ ಕೆಳಗಿಂತ ಸ್ವಲ್ಪ ಹಿಂದಕ್ಕೆ ಇರಬೇಕು. ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದೆ ಬಗ್ಗಬೇಕು. ಆಮೇಲೆ ಏಳಬೇಕು. ಇದನ್ನೆಲ್ಲ ಒಟ್ಟಿಗೆ ಹೇಳಿದರೆ ಅವರಿಗೆ ತಲೆ ಗೊಂದಲ. "ಮುಂದೆ ಬನ್ನಿ." ಕಾಯಿರಿ. "ಕಾಲು ಹಿಂದೆ." ಕಾಯಿರಿ. ಮನಸ್ಸಿನಲ್ಲೇ ಹತ್ತು ಎಣಿಸಿ, ಮಾತು ತಲೆಗೆ ಹೋಗಿ ಕಾಲಿಗೆ ಬರಲು ಅಷ್ಟು ಹೊತ್ತು ಬೇಕು. ಹತ್ತು ಎಣಿಸುವ ತಾಳ್ಮೆ ಇಲ್ಲದೆ ನಾವು ರಟ್ಟೆ ಹಿಡಿದು ಎತ್ತಿಬಿಡುತ್ತೇವೆ, ಅಲ್ವಾ? ಅಲ್ಲೇ ಒಂದು ವ್ಯಾಯಾಮ ಹೋಯಿತು. ಕಂಕುಳಿಗೆ ಕೈ ಹಾಕಿ ಎತ್ತುವುದಂತೂ ಬೇಡ, ಅವರ ಭುಜದ ಕೀಲಿಗೂ ಪೆಟ್ಟು, ನಿಮ್ಮ ಬೆನ್ನಿಗೂ ಪೆಟ್ಟು. ಸೊಂಟಕ್ಕೆ ಕಟ್ಟುವ ಅಗಲದ ಬೆಲ್ಟ್ ಸಿಗುತ್ತದೆ, ಹಿಡಿಯುವ ರೀತಿಯನ್ನು ಫಿಸಿಯೋ ಹತ್ತಿರ ಒಂದು ಸಲ ಕಲಿತುಕೊಳ್ಳಿ.

ಮೊಸರು ಕಡೆಯುವುದು ಇನ್ನೊಂದು. ಮಿಕ್ಸಿ ಬಂದಮೇಲೆ ನಮ್ಮ ಕಡೆಗೋಲು ಅಟ್ಟ ಸೇರಿತ್ತು. ಅದನ್ನು ಇಳಿಸಿ ತೊಳೆದು, ಕಂಬಕ್ಕೆ ಕಟ್ಟಿ, ಹಗ್ಗ ಸುತ್ತಿ ಅತ್ತೆಯ ಕೈಗೆ ಕೊಟ್ಟೆ. ಒಂದು ಮಾತೂ ಹೇಳಿಕೊಡಬೇಕಾಗಲಿಲ್ಲ. ಬಲಗೈ ಎಳೆಯಿತು, ಎಡಗೈ ಬಿಟ್ಟಿತು, ಎಡಗೈ ಎಳೆಯಿತು. ಐದು ನಿಮಿಷದಲ್ಲಿ ಹಣೆ ಮೇಲೆ ಬೆವರು. ಬೆಣ್ಣೆ ಬಂತಾ ಅಂತ ಬಗ್ಗಿ ನೋಡಿ, ಒಂದಿಷ್ಟು ತಣ್ಣೀರು ಹಾಕು ಅಂತ ನನಗೇ ಹೇಳಿದರು. ಭುಜ, ಬೆನ್ನು, ಮುಂಗೈ ಮೂರಕ್ಕೂ ಇದಕ್ಕಿಂತ ಒಳ್ಳೆಯ ಮೆಷಿನ್ ಯಾವ ಜಿಮ್ಮಿನಲ್ಲೂ ಇಲ್ಲ ಅನ್ನುವುದು ನನ್ನ ಅಭಿಪ್ರಾಯ.

ನಿಮ್ಮ ಮನೆಯಲ್ಲಿ ಕಡೆಗೋಲು ಇಲ್ಲದಿದ್ದರೆ ಚಪಾತಿ ಹಿಟ್ಟು ನಾದಿಸಿ. ಸಣ್ಣ ಬಟ್ಟೆ ಹಿಂಡಿಸಿ. ಅವರೆಕಾಯಿ ಕಾಲದಲ್ಲಿ ಕಾಳು ಹಿತುಕಲು ಕೊಡಿ, ಬೆರಳಿಗೆ ಅದು ಭಾರೀ ಕೆಲಸ. ಗಂಡಸರಾದರೆ ಗಿಡಕ್ಕೆ ನೀರು, ಅರ್ಧ ಲೀಟರಿನ ತಂಬಿಗೆಯಲ್ಲಿ ಒಂದೊಂದೇ ಕುಂಡಕ್ಕೆ. ಹಾಲು ಕಾಯಿಸುವಾಗ ಅತ್ತೆಯನ್ನು ಅಡುಗೆಕಟ್ಟೆ ಹಿಡಿದು ನಿಲ್ಲಿಸಿಕೊಂಡು, ಹಾಲು ಉಕ್ಕುತ್ತಾ ನೋಡಿ ಅಂತ ಹಿಮ್ಮಡಿ ಎತ್ತಿಸುತ್ತೇನೆ, ಒಲೆ ಹತ್ತಿರ ಮಾತ್ರ ನಾನೇ ಇರುತ್ತೇನೆ. ಅಡುಗೆಮನೆ ಬಂದ್ ಮಾಡಿದ್ದೇ ತಪ್ಪು, ಗ್ಯಾಸಿನ ರೆಗ್ಯುಲೇಟರ್ ಬಂದ್ ಮಾಡಿದ್ದರೆ ಸಾಕಿತ್ತು.

ದಿನಾ ವಾಕಿಂಗ್ ಕರ್ಕೊಂಡು ಹೋಗ್ತೀವಿ, ಸಾಲದಾ ಅಂತ ಕೇಳುವವರಿದ್ದಾರೆ. ಸಾಲದು. ನಡಿಗೆ ಮನಸ್ಸಿಗೆ, ನಿದ್ದೆಗೆ, ಮಲಬದ್ಧತೆಗೆ ಒಳ್ಳೆಯದು, ಬಿಡಬೇಡಿ. ಆದರೆ ಮಾಂಸಖಂಡ ಬೆಳೆಯಬೇಕಾದರೆ ಅದಕ್ಕೆ ಭಾರ ಬೀಳಬೇಕು. ಕೊನೆಯ ಎರಡು ಸಲ ಏಳುವಾಗ ಸ್ವಲ್ಪ ಕಷ್ಟ ಪಡಬೇಕು, ನೋವಾಗಬಾರದು. ಹತ್ತು ಬಟ್ಟೆ ಸಲೀಸಾದರೆ ಕುರ್ಚಿಯ ಮೇಲಿನ ದಿಂಬು ತೆಗೆಯಿರಿ, ತಗ್ಗಾದಷ್ಟೂ ತೊಡೆಗೆ ಕೆಲಸ ಜಾಸ್ತಿ. ಎದೆನೋವು, ತಲೆಸುತ್ತು, ಮಾತಾಡಲಾಗದಷ್ಟು ಏದುಸಿರು ಬಂದರೆ ಅಲ್ಲಿಗೇ ನಿಲ್ಲಿಸಿ ಡಾಕ್ಟರಿಗೆ ಹೇಳಿ. ಹೊತ್ತು ಯಾವುದು ಅಂದರೆ ತಿಂಡಿಯಾಗಿ ಒಂದು ಗಂಟೆ ಆದಮೇಲೆ, ಬೆಳಿಗ್ಗೆ ಹತ್ತು, ಹನ್ನೊಂದರ ಸುಮಾರಿಗೆ. ಸಂಜೆ ಬೇಡ. ದೀಪ ಹಚ್ಚುವ ಹೊತ್ತಿಗೆ ಅತ್ತೆ "ನಮ್ಮನೆಗೆ ಹೋಗಬೇಕು" ಅಂತ ಶುರು ಮಾಡುತ್ತಾರೆ. ಡಿಮೆನ್ಷಿಯಾ ಇರುವ ಬಹಳ ಜನಕ್ಕೆ ಸಂಜೆ ಹೀಗೇ. ಆಗ ಏನು ಹೇಳಿದರೂ ಜಗಳವೇ.

ತಟ್ಟೆಯಲ್ಲಿ ಏನಿದೆ ಅಂತ ಒಂದು ಸಲ ಲೆಕ್ಕ ಹಾಕಿ

ಬಟ್ಟೆ ಎಷ್ಟು ಒಣಹಾಕಿಸಿದರೂ ತಟ್ಟೆಯಲ್ಲಿ ಪ್ರೋಟೀನ್ ಇಲ್ಲದಿದ್ದರೆ ಮಾಂಸಖಂಡ ಎಲ್ಲಿಂದ ಬರಬೇಕು? ವಯಸ್ಸಾದವರಿಗೆ ತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು, ಕಾಯಿಲೆ ಇದ್ದು ಸೊರಗಿದ್ದರೆ 1.2ರಿಂದ 1.5 ಅಂತ ತಜ್ಞರು ಹೇಳುತ್ತಾರೆ. 50 ಕಿಲೋ ಇದ್ದವರಿಗೆ ದಿನಕ್ಕೆ ಸುಮಾರು 60 ಗ್ರಾಂ ಇಟ್ಟುಕೊಳ್ಳಿ. ಕಿಡ್ನಿ ಸರಿಯಿಲ್ಲದವರಿಗೆ ಈ ಲೆಕ್ಕ ಬೇರೆ, ಡಾಕ್ಟರ್ ಹೇಳಿದಷ್ಟೇ.

ನಾನು ಅತ್ತೆಯ ಒಂದು ದಿನದ ಊಟ ಬರೆದೆ. ಬೆಳಿಗ್ಗೆ ಎರಡು ಇಡ್ಲಿ, ಕಾಯಿಚಟ್ನಿ. ಮಧ್ಯಾಹ್ನ ಅರ್ಧ ಮುದ್ದೆ, ಅನ್ನ, ಬಸ್ಸಾರು. ಸಂಜೆ ಎರಡು ಬಿಸ್ಕತ್ತು, ಟೀ. ರಾತ್ರಿ ಅನ್ನ, ತಿಳಿಸಾರು, ನೀರು ಮಜ್ಜಿಗೆ. ಎಷ್ಟು ಧಾರಾಳವಾಗಿ ಲೆಕ್ಕ ಹಾಕಿದರೂ 30 ಗ್ರಾಂ ದಾಟಲಿಲ್ಲ. ಬೇಕಾದದ್ದರ ಅರ್ಧ.

ಬಸ್ಸಾರಿನಲ್ಲಿ ಕಾಳು ಇರುತ್ತದಲ್ಲ ಅಂತ ನಾನೂ ಅಂದುಕೊಂಡಿದ್ದೆ. ಯೋಚಿಸಿ ನೋಡಿ. ಕಾಳು, ಸೊಪ್ಪು ಬೇಯಿಸಿ ಬಸಿಯುತ್ತೇವೆ. ಕಟ್ಟು ಸಾರಿಗೆ ಹೋಗುತ್ತದೆ, ಕಾಳು ಪಲ್ಯಕ್ಕೆ ಹೋಗುತ್ತದೆ. ಹಲ್ಲಿಲ್ಲದ ಅತ್ತೆಗೆ ಪಲ್ಯ ಅಗಿಯಲಾಗುವುದಿಲ್ಲ ಅಂತ ಸಾರು ಮಾತ್ರ ಹಾಕುತ್ತೇವೆ. ಅಂದರೆ ಪ್ರೋಟೀನ್ ಎಲ್ಲ ನಮ್ಮ ತಟ್ಟೆಗೆ, ರುಚಿಯ ನೀರು ಅವರ ತಟ್ಟೆಗೆ. ತಿಳಿಸಾರಿನದೂ ಇದೇ ಕತೆ, ಬೇಳೆ ತಳದಲ್ಲಿ ಉಳಿಯುತ್ತದೆ. ಈಗ ಪಲ್ಯದ ಕಾಳನ್ನು ಎರಡು ಸೌಟು ತೆಗೆದು ಮಿಕ್ಸಿಯಲ್ಲಿ ನುಣ್ಣಗೆ ತಿರುವಿ ಅವರ ಸಾರಿಗೇ ಸೇರಿಸುತ್ತೇನೆ. ಗೊತ್ತೂ ಆಗುವುದಿಲ್ಲ.

ಹಿಟ್ಟಂ ತಿಂದಂ ಬೆಟ್ಟಂ ಕಿತ್ತಿಟ್ಟಂ ಅಂತ ನಮ್ಮಲ್ಲಿ ಮಾತಿದೆ. ರಾಗಿ ಒಳ್ಳೆಯದೇ, ಕ್ಯಾಲ್ಸಿಯಂ ಅದರಲ್ಲಿ ಇರುವಷ್ಟು ಬೇರೆ ಧಾನ್ಯದಲ್ಲಿಲ್ಲ. ಆದರೆ 100 ಗ್ರಾಂ ರಾಗಿಯಲ್ಲಿ ಪ್ರೋಟೀನ್ 7 ಗ್ರಾಂ ಅಷ್ಟೇ. ಬೆಟ್ಟ ಕಿತ್ತವನು ಮುದ್ದೆ ಜೊತೆ ಹುರಳಿ ಸಾರೋ ಕೋಳಿ ಸಾರೋ ಉಂಡಿರಬೇಕು.

ಗಂಜಿಯ ಮೇಲೂ ನನಗೆ ಸಿಟ್ಟಿದೆ. ಹುಷಾರಿಲ್ಲ ಅಂದ ಕೂಡಲೇ ಗಂಜಿ ಕೊಡುವುದು ನಮ್ಮ ಅಭ್ಯಾಸ. ಹೊಟ್ಟೆ ತುಂಬುತ್ತದೆ, ಮೈಗೆ ಹತ್ತುವುದಿಲ್ಲ. ಗಂಜಿಯೇ ಬೇಕು ಅಂದರೆ ನೀರಿನ ಬದಲು ಹಾಲಿನಲ್ಲಿ ಮಾಡಿ, ಎರಡು ದೊಡ್ಡ ಚಮಚ ಕೆನೆ ತೆಗೆದ ಹಾಲಿನ ಪುಡಿ ಕಲಸಿ, ಅದರಿಂದಲೇ 5 ಗ್ರಾಂ ಸೇರುತ್ತದೆ.

ಅಂದಾಜು ತಲೆಯಲ್ಲಿರಲಿ. ಒಂದು ಮೊಟ್ಟೆಗೆ 6 ಗ್ರಾಂ, ಒಂದು ಲೋಟ ಹಾಲಿಗೂ ಅಷ್ಟೇ. ಒಂದು ಹಿಡಿ ಹುರಿಗಡಲೆ 6, ಶೇಂಗಾ ಒಂದು ಹಿಡಿ 7, ಪನೀರ್ 50 ಗ್ರಾಂ ಅಂದರೆ 9. ಮೀನು, ಕೋಳಿ 100 ಗ್ರಾಂಗೆ 20ರ ಮೇಲೆ. ಎಲ್ಲ ರಾತ್ರಿ ಒಂದೇ ಸಲ ತುರುಕಬೇಡಿ, ಮೂರು ಹೊತ್ತಿಗೂ ಹಂಚಿ. ನಮ್ಮ ಮನೆ ಸಸ್ಯಾಹಾರಿ. ಹಾಗಾಗಿ ಬೆಳಿಗ್ಗೆ ಇಡ್ಲಿ ಜೊತೆ ಹುರಿಗಡಲೆ ಚಟ್ನಿ, ಅದೂ ಗಟ್ಟಿಯಾಗಿ. ಹನ್ನೊಂದಕ್ಕೆ ಹುರಿಹಿಟ್ಟು, ಹಾಲು, ಬೆಲ್ಲ. ಮಧ್ಯಾಹ್ನ ತಿರುವಿದ ಕಾಳು. ಸಂಜೆ ಬಿಸ್ಕತ್ತಿನ ಬದಲು ನುಚ್ಚಿನುಂಡೆ. ಈ ನುಚ್ಚಿನುಂಡೆ ಇಂಥವರಿಗಾಗಿಯೇ ಹುಟ್ಟಿದ್ದೇನೋ ಅನ್ನಿಸುತ್ತದೆ. ಬರೀ ಬೇಳೆ, ಮೆತ್ತಗಿರುತ್ತದೆ, ಚಮಚ ಬೇಡ, ಕೈಯಲ್ಲಿ ಹಿಡಿದು ಓಡಾಡುತ್ತಲೇ ತಿನ್ನಬಹುದು. ಒಣಗಿದ್ದು ಗಂಟಲಿಗೆ ಸಿಗುತ್ತದೆ, ಒಂದು ಚಮಚ ತುಪ್ಪ ಇಲ್ಲವೇ ಮಜ್ಜಿಗೆಹುಳಿ ಜೊತೆಗಿರಲಿ.

ತಟ್ಟೆಯ ಬಣ್ಣವೂ ಮುಖ್ಯ, ಇದು ನನಗೆ ಹಬ್ಬದ ದಿನ ಹೊಳೆದದ್ದು. ದಿನಾ ಸ್ಟೀಲ್ ತಟ್ಟೆಯಲ್ಲಿ ಅರ್ಧ ಬಿಡುವ ಅತ್ತೆ, ಯುಗಾದಿಗೆ ಬಾಳೆಎಲೆಯಲ್ಲಿ ಪೂರ್ತಿ ಉಂಡರು. ಹಬ್ಬದ ಅಡುಗೆ ಅಂತ ಅಂದುಕೊಂಡೆ. ಆಮೇಲೆ ನೋಡಿದರೆ ಇದರ ಮೇಲೆ ಬಾಸ್ಟನ್ನಿನಲ್ಲಿ ಪ್ರಯೋಗವೇ ಆಗಿದೆ, ಬಿಳಿ ತಟ್ಟೆಯ ಬದಲು ಗಾಢ ಕೆಂಪು ತಟ್ಟೆ ಕೊಟ್ಟಾಗ ಅಲ್ಜೈಮರ್ (ಡಿಮೆನ್ಷಿಯಾದಲ್ಲಿ ಒಂದು ಬಗೆ) ಇರುವವರು 25% ಜಾಸ್ತಿ ತಿಂದರು. ಸಣ್ಣ ಪ್ರಯೋಗ, ಆದರೆ ಕಾರಣ ಅರ್ಥವಾಗುವಂಥದ್ದು. ಬಿಳಿ ತಟ್ಟೆಯಲ್ಲಿ ಬಿಳಿ ಅನ್ನ, ಬಿಳಿ ಮಜ್ಜಿಗೆ ಅವರ ಕಣ್ಣಿಗೆ ಬೇರೆಯಾಗಿ ಕಾಣುವುದಿಲ್ಲ. ಸ್ಟೀಲಿನಲ್ಲಿ ಟ್ಯೂಬ್‌ಲೈಟ್ ಹೊಳೆಯುತ್ತದೆ. ಹೂವಿನ ಚಿತ್ರದ ತಟ್ಟೆ ಕೊಟ್ಟರೆ ಹೂವನ್ನೇ ತೆಗೆಯಲು ನೋಡುತ್ತಾರೆ. ಹಸಿರೆಲೆಯ ಮೇಲೆ ಅನ್ನ ಎದ್ದು ಕಾಣುತ್ತದೆ. ದಿನಾ ಎಲೆ ತರಲಾಗುವುದಿಲ್ಲ, ಒಂದು ಕಡುಹಸಿರು ತಟ್ಟೆ ತಂದಿದ್ದೇನೆ.

ಒಂದು ಸಲಕ್ಕೆ ಒಂದೇ ಪದಾರ್ಥ ಬಡಿಸಿ. ಟಿವಿ ಆರಿಸಿ. ಮುಖ್ಯವಾಗಿ ನೀವೂ ಜೊತೆಗೆ ಕೂತು ಉಣ್ಣಿ. ನಾನು ತುತ್ತು ಎತ್ತಿದರೆ ಅತ್ತೆಯೂ ಎತ್ತುತ್ತಾರೆ, ನಾನು ಫೋನ್ ನೋಡಿದರೆ ಅವರೂ ಕಿಟಕಿ ನೋಡುತ್ತಾರೆ. ಸಕ್ಕರೆ ಕಾಯಿಲೆ ಅಂತ ಹತ್ತು ಪಥ್ಯ ಇಟ್ಟಿದ್ದರೆ, ಈಗಲೂ ಅಷ್ಟೆಲ್ಲ ಬೇಕಾ ಅಂತ ಡಾಕ್ಟರನ್ನು ಕೇಳಿ. ಸೊರಗುತ್ತಿರುವವರಿಗೆ ಬಹಳ ಸಲ ಪಥ್ಯ ಸಡಿಲಿಸುತ್ತಾರೆ. ಏಕಾದಶಿ, ಸೋಮವಾರದ ಉಪವಾಸ ಅವರಿಗೆ ನೆನಪಿಲ್ಲದಿದ್ದರೆ ನೀವು ನೆನಪು ಮಾಡಬೇಡಿ.

ಮೈ ಇಳಿದರೆ ಹಲ್ಲುಸೆಟ್ಟು ಸಡಿಲವಾಗುತ್ತದೆ. ಊಟ ಬಿಟ್ಟವರ ಬಾಯಿ ತೆರೆಸಿ ಹುಣ್ಣು ನೋಡಿ. ಮೂರು ದಿನದಿಂದ ಹೊಟ್ಟೆ ಕಟ್ಟಿದೆಯಾ ನೋಡಿ. ಹೇಳಲು ಬರದವರು ಊಟ ಬಿಟ್ಟು ಹೇಳುತ್ತಾರೆ.

ಇನ್ನು ನುಂಗುವುದು. ಕೆಮ್ಮುತ್ತಾ ಉಣ್ಣುತ್ತಿದ್ದರೆ, ನೀರು ಕುಡಿದಾಗ ನೆತ್ತಿಗೆ ಹತ್ತುತ್ತಿದ್ದರೆ, ಊಟದ ಮೇಲೆ ಗಂಟಲು ಗೊರಗೊರ ಅಂದರೆ ಡಾಕ್ಟರಿಗೆ ತೋರಿಸಿ, ಸ್ಪೀಚ್ ಥೆರಪಿಯವರು ನುಂಗುವುದನ್ನೂ ನೋಡುತ್ತಾರೆ. ಅಂಥವರಿಗೆ ಮುದ್ದೆ ತುತ್ತು ಮುರಿದು ಕೊಡುವುದು ಅಪಾಯ. ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ನುಂಗುತ್ತೇವೆ, ಅಂಟಾಗಿ ಗಂಟಲಲ್ಲಿ ಕೂತರೆ ಉಸಿರೇ ಕಟ್ಟುತ್ತದೆ. ರಾಗಿ ಬೇಕೇ ಬೇಕು ಅಂದರೆ ಗಟ್ಟಿ ಅಂಬಲಿ ಮಾಡಿ. ನೆಟ್ಟಗೆ ಕೂರಿಸಿ ಉಣ್ಣಿಸಿ, ಉಂಡ ಮೇಲೆ ಅರ್ಧ ಗಂಟೆ ಮಲಗಿಸಬೇಡಿ.

ಆಸ್ಪತ್ರೆಯ ಒಂಬತ್ತು ದಿನ

ಮೂರನೇ ವರ್ಷ ಅತ್ತೆಗೆ ಮೂತ್ರದ ಸೋಂಕು ಬಂತು. ಎರಡೇ ದಿನದಲ್ಲಿ ತೀರಾ ಗೊಂದಲ, ಗೋಡೆ ಜೊತೆ ಮಾತು. ಮರೆವು ಜಾಸ್ತಿಯಾಯಿತು ಅಂದುಕೊಂಡೆವು. ಹೀಗೆ ಒಂದೆರಡು ದಿನದಲ್ಲಿ ದಿಢೀರ್ ಬದಲಾದರೆ ಅದು ಬಹುತೇಕ ಸೋಂಕು, ನೀರು ಕಡಿಮೆಯಾಗಿದ್ದು, ಮಾತ್ರೆ ಹೆಚ್ಚುಕಡಿಮೆ ಇಂಥದ್ದು. ತಡ ಮಾಡದೆ ತೋರಿಸಿ.

ಒಂಬತ್ತು ದಿನ ಅಡ್ಮಿಟ್. ಸೋಂಕು ವಾಸಿಯಾಯಿತು. ಆದರೆ ಬಿದ್ದುಬಿಡುತ್ತಾರೆ ಅಂತ ಮಂಚದಿಂದ ಇಳಿಸಲೇ ಇಲ್ಲ. ಕಂಬಿ ಏರಿಸಿ, ಟ್ಯೂಬು ಹಾಕಿ, ಮಲಗಿಸಿದರು. ನಾವೂ ಪಕ್ಕದಲ್ಲಿ ಕೂತು "ರೆಸ್ಟ್ ಮಾಡಿ" ಅಂದೆವು. ಮನೆಗೆ ನಡೆದುಕೊಂಡು ಹೋಗಬೇಕಿದ್ದವರು ವೀಲ್‌ಚೇರಿನಲ್ಲಿ ಬಂದರು. ಆರೋಗ್ಯವಂತ ಹಿರಿಯರನ್ನೇ 10 ದಿನ ಹಾಸಿಗೆಯಲ್ಲಿ ಮಲಗಿಸಿ ಅಳೆದಾಗ ಕಾಲಿನ ಮಾಂಸಖಂಡ ಸುಮಾರು 1 ಕಿಲೋ ಕರಗಿತ್ತು. ಕಾಯಿಲೆ ಬಿದ್ದವರ ಗತಿ ಕೇಳಬೇಕಾ? ಆ ಒಂಬತ್ತು ದಿನ ಕಳೆದದ್ದನ್ನು ವಾಪಸ್ ತರಲು ನಮಗೆ ನಾಲ್ಕು ತಿಂಗಳು ಹಿಡಿಯಿತು.

ಈಗ ಆಗಿದ್ದರೆ ಮೊದಲ ದಿನವೇ ಕೇಳುತ್ತಿದ್ದೆ: ಕೂರಿಸಬಹುದಾ? ನಿಲ್ಲಿಸಬಹುದಾ? ಫಿಸಿಯೋ ಯಾವಾಗ ಬರುತ್ತಾರೆ? ಟ್ಯೂಬು ಯಾವತ್ತು ತೆಗೆಯುತ್ತೀರಿ? ನಾಚಿಕೆ ಬಿಟ್ಟು ದಿನಾ ಕೇಳಿ. ಡಾಕ್ಟರ್ ಒಪ್ಪಿದರೆ ಮೂರು ಹೊತ್ತಿನ ಊಟವನ್ನೂ ಕುರ್ಚಿಯಲ್ಲಿ ಕೂರಿಸಿ ಮಾಡಿಸಿ. ಕನ್ನಡಕ, ಕಿವಿಯ ಮೆಷಿನ್ ಮನೆಯಲ್ಲಿ ಬಿಟ್ಟು ಹೋಗಬೇಡಿ. ಮಲಗಿದಲ್ಲೇ ಇದ್ದರೂ ಪಾದ ಮೇಲೆ ಕೆಳಗೆ, ಮಂಡಿ ಮಡಚಿ ಬಿಡಿಸಿ, ಗಂಟೆಗೊಮ್ಮೆ.

ಬೀಳದ ಹಾಗೆ

ಬಿದ್ದು ಸೊಂಟದ ಮೂಳೆ ಮುರಿದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಹವಾಯಿ ಚಪ್ಪಲಿ ಎಸೆದು ಹಿಮ್ಮಡಿ ಮುಚ್ಚುವ ಚಪ್ಪಲಿ ತನ್ನಿ. ನೈಟಿ, ಸೀರೆ ಕಣಕಾಲಿನ ಮೇಲೆ ನಿಲ್ಲಲಿ. ಬಚ್ಚಲಿಗೆ ಹಿಡಿಕೆ ಹಾಕಿಸಿ, ನೆಲ ಒಣಗಿರಲಿ. ರಾತ್ರಿ ಹಾಸಿಗೆಯಿಂದ ಟಾಯ್ಲೆಟ್ಟಿನವರೆಗೆ ಸಣ್ಣ ದೀಪ. ಬಾಗಿಲಲ್ಲಿ ಕಪ್ಪು ಕಾಲೊರಸು ಇದ್ದರೆ ತೆಗೆಯಿರಿ, ಅದು ಅವರ ಕಣ್ಣಿಗೆ ಗುಂಡಿಯ ಹಾಗೆ ಕಾಣಬಹುದು. ದಾಟಲು ಹೋಗಿಯೇ ಬೀಳುತ್ತಾರೆ. ಮಲಗಿದವರು ಎದ್ದ ಕೂಡಲೇ ನಡೆಯಬಾರದು, ಒಂದು ನಿಮಿಷ ಅಂಚಿನಲ್ಲಿ ಕೂರಲಿ. ನಿದ್ದೆ ಮಾತ್ರೆ, ಶಾಂತವಾಗಿರಲು ಕೊಡುವ ಮಾತ್ರೆ ಕಾಲನ್ನು ತಡವರಿಸುವಂತೆ ಮಾಡುತ್ತವೆ. ನೀವೇ ನಿಲ್ಲಿಸಬೇಡಿ, ಇನ್ನೂ ಬೇಕಾ ಅಂತ ಪ್ರತಿ ಸಲ ಕೇಳಿ. ವಿಟಮಿನ್ ಡಿ, ಬಿ12, ಥೈರಾಯ್ಡ್ ಒಂದು ಸಲ ನೋಡಿಸಿ.

ಕಾಯಿಲೆ ಕೊನೆಯ ಹಂತಕ್ಕೆ ಬಂದವರಿಗೆ ಇದ್ಯಾವುದೂ ಅನ್ವಯಿಸುವುದಿಲ್ಲ. ಆಗ ಬಲ ಬೆಳೆಸುವ ಹಟ ಬಿಡಿ. ಕೀಲು ಗಟ್ಟಿಯಾಗದ ಹಾಗೆ ಮೆಲ್ಲಗೆ ಆಡಿಸುವುದು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ತಿಂದಷ್ಟು ಕೈಯಿಂದ ತಿನ್ನಿಸುವುದು. ಆ ಹಂತದಲ್ಲಿ ಮೂಗಿನ ಟ್ಯೂಬು, ಹೊಟ್ಟೆಯ ಟ್ಯೂಬಿನಿಂದ ಆಯಸ್ಸೂ ಹೆಚ್ಚುವುದಿಲ್ಲ, ನೆಮ್ಮದಿಯೂ ಹೆಚ್ಚುವುದಿಲ್ಲ ಅಂತ ಹಿರಿಯರ ತಜ್ಞರು ಹೇಳುತ್ತಾರೆ. ಹಾಕಿಸುವ ಮುಂಚೆ ಮನೆಯವರೆಲ್ಲ ಕೂತು ಡಾಕ್ಟರ ಜೊತೆ ಮಾತಾಡಿ.

ನಿಮಗೇ ಸಾಕಾಗಿ ಹೋದರೆ 14416ಕ್ಕೆ ಫೋನ್ ಮಾಡಿ, ಅದು ಟೆಲಿಮಾನಸ್ ಅನ್ನುವ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಹಿರಿಯರ ಸಹಾಯವಾಣಿ 14567. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವಯಸ್ಸಾದವರಿಗೇ ಬೇರೆ ಕ್ಲಿನಿಕ್ ಇದೆ. ದೂರದ ಊರಿನವರು ಮೊದಲು ಜಿಲ್ಲಾಸ್ಪತ್ರೆಯ ಫಿಸಿಯೋ ವಿಭಾಗಕ್ಕೆ ಹೋಗಿ ಕುರ್ಚಿಯಿಂದ ಏಳುವ ಕ್ರಮ ಕಲಿಸಿಕೊಡಿ ಅಂತಲೇ ಕೇಳಿ.

ನಮ್ಮ ನೋಟ್‌ಬುಕ್ಕಿನಲ್ಲಿ ಈ ತಿಂಗಳ ಸಾಲು ಹೀಗಿದೆ: ತೂಕ 47 ಕಿಲೋ, ಕುರ್ಚಿ 5 ಸಲ, 15 ಸೆಕೆಂಡ್. ಹನ್ನೆರಡಕ್ಕೆ ಇಳಿದಿಲ್ಲ. ಆದರೆ ಟಾಯ್ಲೆಟ್ಟಿನಿಂದ ತಾವೇ ಎದ್ದು ಬರುತ್ತಾರೆ, ಬಾಗಿಲು ಹಾಕಿಕೊಳ್ಳಲು ಬಿಡು ಅಂತ ಜಗಳವನ್ನೂ ಆಡುತ್ತಾರೆ. ಒದ್ದೆ ಬಟ್ಟೆ ಕಡಿಮೆ ಇದ್ದ ದಿನ ಒಣಗಿದ್ದನ್ನೇ ತೆಗೆದು ಮತ್ತೆ ಬಕೆಟ್ಟಿಗೆ ಹಾಕಿ ಕೊಡುತ್ತೇನೆ. ಸಾಮಾನ್ಯವಾಗಿ ಗೊತ್ತಾಗುವುದಿಲ್ಲ. ಮೊನ್ನೆ ಗೊತ್ತಾಯಿತು. ಶರಟನ್ನು ಕೆನ್ನೆಗೆ ಒತ್ತಿ ನೋಡಿ, "ಒಣಗಿದ ಬಟ್ಟೆ ಒಣಹಾಕಿಸ್ತೀಯಲ್ಲೇ, ನಿನಗೆ ಮರೆವು" ಅಂದರು.